ಪೆನ್ಶನ್ ಇಲ್ಲದವರ ಪಗಾರ

ದುಡ್ಡು ಗಳಿಸುವಾಗ ನಮ್ಮ ಮನೆಯಲ್ಲಿ ಯಾರಾದರೂ ನಕ್ಕಿದ್ದು ನನಗೆ ನೆನಪಿಲ್ಲ. ಗಳಿಸಿದ್ದನ್ನು ಎಲ್ಲಿ ಇಡಬೇಕು ಎಂದು ಯೋಚಿಸಲು ಕೂತ ದಿನದಿಂದ ಮಾತ್ರ ಒಂದಿಲ್ಲೊಂದು ಫಜೀತಿ ಆಗುತ್ತಲೇ ಬಂತು, ನಾವು ನಗುತ್ತಲೇ ಬಂದೆವು.

ನಮ್ಮ ಮನೆಯವರು ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ವಖಾರಿಯಲ್ಲಿ ದಿವಾಣಜಿ ಆಗಿದ್ದರು. ಅಂದರೆ ಲೆಕ್ಕ ಬರೆಯುವ ಕೆಲಸ. ಚಿಕ್ಕೋಡಿಯ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಮೈತುಂಬ ತಂಬಾಕಿನ ಘಾಟು ಹೊತ್ತು ಬರುತ್ತಿದ್ದರು. ಅವರು ಓಣಿಗೆ ಬಂದದ್ದು ನನಗೆ ಸೀನು ಬಂದಾಗಲೇ ಗೊತ್ತಾಗುತ್ತಿತ್ತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಸಾವಕಾರರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಇಷ್ಟು ವರ್ಷದ ದುಡಿಮೆಗೆಂದು ಒಂದು ಗಂಟು ಕೈಗಿಟ್ಟು ಕಳಿಸಿದರು. ಪೆನ್ಶನ್ ಅನ್ನುವುದು ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆ ಸೇರಿದ್ದರು, ಅಳಿಯಂದಿರ ಮುಂದೆ ಕೈಯೊಡ್ಡುವ ಮನಸ್ಸು ನನಗಿರಲಿಲ್ಲ.

ಅಂದೇ ನಾನು ಹಟ ತೊಟ್ಟೆ.

"ನೋಡ್ರಿ, ಈ ಗಂಟು ಬಿಚ್ಚಿ ತಿನಕೋತ ಕುಂತ್ರ ಬಾಳ ದಿನ ಬರೂದಿಲ್ಲ. ಇದನ್ನ ದುಡಿಯಾಕ ಹಚ್ಚೂಣು. ತಿಂಗಳಾ ತಿಂಗಳಾ ಪಗಾರ ಬಂದಂಗ ಬರಬೇಕು. ಅದೂ ಒಂದ ಕಡಿಂದ ಅಲ್ಲ. ಒಂದು ತೊಲಿ ಮುರದ್ರ ಇನ್ನೊಂದು ತೊಲಿ ಮನಿ ಹಿಡಿಬೇಕು" ಅಂದೆ.

ಅವರು ಗಂಭೀರವಾಗಿ ಕೇಳಿಸಿಕೊಂಡು, "ಪಗಾರ ಬರ್ತೈತಿ ಅಂದ್ರ, ಐತವಾರ ಸೂಟಿನೂ ಇರತೈತೇನು?" ಎಂದರು.

೧. ಹಿತ ಹೇಳುವವರು

ಗಂಟು ಬಂದ ಸುದ್ದಿ ಶಾಲಿನ ಮಡಿಕೆ ಬಿಚ್ಚುವುದರೊಳಗೆ ಊರು ದಾಟಿತ್ತು. ನಾಲ್ಕು ಮಂದಿ ಹಿತೈಷಿಗಳು ಮನೆಗೆ ಬಂದರು. ಒಬ್ಬರು ಬಡಾವಣೆಯಲ್ಲಿ ಜಾಗ ಹಿಡಿಯಿರಿ ಅಂದರು. ಇನ್ನೊಬ್ಬರು ಹಿಟ್ಟಿನ ಗಿರಣಿ ಹಾಕಿ ಅಂದರು. ಮೂರನೆಯವರು ಟೆಂಪೊ ಕೊಂಡು ಬಾಡಿಗೆಗೆ ಬಿಡಿ ಅಂದರು. ನಾಲ್ಕನೆಯವರು ಇವು ಮೂರರಲ್ಲೂ ಮುಳುಗುವುದು ಖಾತ್ರಿ ಎಂದು ಹೇಳಿ, ಎಲ್ಲವನ್ನೂ ಬಂಗಾರ ಮಾಡಿ ನೆಲದಲ್ಲಿ ಹೂಳಿ ಅಂದರು.

ನಮ್ಮವರ ಸ್ವಭಾವ ಮೆತ್ತಗೆ. ಒಬ್ಬೊಬ್ಬರು ಎದ್ದು ಹೋದಾಗಲೂ, "ಇವರು ಅಂದದ್ದು ಖರೇ ಐತಿ ನೋಡು" ಅನ್ನುತ್ತಿದ್ದರು.

ನನಗೆ ರೇಗಿತು. "ಎಲ್ಲಾರ ಮಾತೂ ಖರೇ ಆದ್ರ, ಒಂದು ಕೆಲಸ ಮಾಡ್ರಿ. ಅವರವರ ದುಡ್ಡು ಅವರು ಎಲ್ಲೆಲ್ಲಿ ಇಟ್ಟಾರ, ಕೇಳಿ ಬರ್ರಿ. ಅವರಿಟ್ಟಲ್ಲೇ ನಾವೂ ಇಡೂಣು."

ಟೊಪ್ಪಿಗೆ ಹಾಕಿಕೊಂಡು ಹೋದವರು ಮಧ್ಯಾಹ್ನ ಊಟದ ಹೊತ್ತಿಗೆ ತಿರುಗಿ ಬಂದರು. ಮುಖ ಸಣ್ಣದಾಗಿತ್ತು.

"ಏನಂದ್ರು?"

"ನಾಕೂ ಮಂದಿ ಹಂತೇಕ ದುಡ್ಡ ಇಲ್ಲಂತ. ಇಬ್ಬರು ನಮ್ಮನ್ನ ಕೈಗಡ ಕೇಳ್ಯಾರ."

೨. ಪರವಾಗಿ

ಮೊದಲ ತೊಲೆ ಗಟ್ಟಿಯಾಗಿರಬೇಕು ಎಂದು ನಾನೇ ತೀರ್ಮಾನ ಮಾಡಿದೆ. ಅಂಚೆ ಕಚೇರಿಯಲ್ಲಿ ದುಡ್ಡಿಟ್ಟರೆ ತಿಂಗಳಿಗೊಮ್ಮೆ ಬಡ್ಡಿ ಕೊಡುವ ಯೋಜನೆ ಆಗ ಹೊಸದಾಗಿ ಬಂದಿತ್ತು. ಗಂಟಿನ ದೊಡ್ಡ ಪಾಲು ಅಲ್ಲಿ, ಇಬ್ಬರ ಹೆಸರಿನಲ್ಲಿ. ಕಾಯಿಲೆ ಕಸಾಲೆ ಅಂತ ಒಂದಿಷ್ಟು ಬ್ಯಾಂಕಿನಲ್ಲಿ. ಉಳಿದದ್ದರಲ್ಲಿ ಮಾತ್ರ ಆಟ.

ಅಂಚೆ ಕಚೇರಿಗೆ ಇಬ್ಬರೂ ಹೋದೆವು. ನಾನು ಸಹಿ ಮಾಡಿದೆ. ಕೋಳಿ ಕೆದರಿದ ಹಾಗಿತ್ತು, ಆದರೂ ನಡೆಯಿತು. ಇನ್ನು ನಮ್ಮವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಪೆನ್ನು ಕೊಡವಿ, ತಲೆ ವಾರೆ ಮಾಡಿ, ನಿಧಾನವಾಗಿ ಸಹಿ ಮಾಡಿದರು. ಒಳಗಿನ ಗುಮಾಸ್ತರು ಅದನ್ನು ಮೆಚ್ಚಿ ನೋಡಿದವರು ಹಾಗೇ ನಿಂತುಬಿಟ್ಟರು.

"ಯಜಮಾನ್ರ, ಸಹಿ ಚಂದ ಐತ್ರಿ. ಆದ್ರ ಅದರ ಮ್ಯಾಲೆ 'ಪರವಾಗಿ' ಅಂತ ಯಾಕ ಬರದೀರಿ?"

ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಾವಕಾರರ ಪರವಾಗಿಯೇ ಸಹಿ ಮಾಡಿದ ಕೈ ಅದು. ತಾನೇ ಬರೆದುಬಿಟ್ಟಿತ್ತು. ಗುಮಾಸ್ತರು ಇನ್ನೊಂದು ಅರ್ಜಿ ಕೊಟ್ಟರು. ಅದರಲ್ಲೂ ಪರವಾಗಿ. ಮೂರನೆಯದು ಕೊಡುವಾಗ ಗುಮಾಸ್ತರ ದನಿ ಸ್ವಲ್ಪ ಏರಿತು.

"ಯಾರ ಪರವಾಗಿ ರೀ? ದುಡ್ಡು ನಿಮ್ಮದು, ಹೆಸರು ನಿಮ್ಮದು. ನೀವು ಯಾರ ಪರವಾಗಿ ಸಹಿ ಮಾಡಾಕತ್ತೀರಿ?"

ನಮ್ಮವರು ಗಾಬರಿಯಿಂದ ಅತ್ತಿತ್ತ ನೋಡಿದರು. ಕಡೆಗೆ ನನ್ನ ಕಡೆ ಕೈ ತೋರಿಸಿ, "ಇವರ ಪರವಾಗಿ ರೀ" ಎಂದರು.

ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ ನಕ್ಕರು. ಗುಮಾಸ್ತರು ಮಾತ್ರ ನಗಲಿಲ್ಲ. "ನಮ್ಮ ಮನ್ಯಾಗೂ ಹಂಗ ಐತ್ರಿ, ಆದ್ರ ಬರದು ಕೊಡೂದಿಲ್ಲ" ಅಂದರು.

೩. ಎಮ್ಮೆಯ ಮಾಯೆ

ಎರಡನೆಯ ತೊಲೆ ಎಮ್ಮೆ. ರಾಯಬಾಗದ ಹೊರಗೆ ದನ ಸಾಕಿಕೊಂಡಿದ್ದ ಒಬ್ಬ ಗಂಡ-ಹೆಂಡತಿ ನಮಗೆ ಗುರುತಿದ್ದರು. ಎಮ್ಮೆ ಕೊಡಿಸುವುದು ನಾವು, ಮೇವು ಹಾಕಿ ಹಿಂಡುವುದು ಅವರು, ಹಾಲಿನ ದುಡ್ಡು ಅರ್ಧರ್ಧ. ಎಮ್ಮೆ ಚೆನ್ನಾಗಿತ್ತು. ಕೊಂಬು ಸುರುಳಿ, ಕಣ್ಣು ಶಾಂತ. ಆರು ತಿಂಗಳು ಹಾಲಿನ ದುಡ್ಡು ತಪ್ಪದೆ ಬಂತು. ಆಮೇಲೆ ಥಟ್ಟನೆ ನಿಂತಿತು.

ನಾನೇ ಬಸ್ಸು ಹತ್ತಿ ರಾಯಬಾಗಕ್ಕೆ ಹೋದೆ. ಆ ಗಂಡಸು ತಲೆ ತಗ್ಗಿಸಿ ಕೂತಿದ್ದ.

"ಏನ್ ಮಾಡ್ಲೆವ್ವಾ, ಎಮ್ಮಿ ಕೈಗೇ ಬರವಲ್ದು. ನಾ ಹಿಂಡಾಕ ಕುಂತ್ರ ಒದೀತೈತಿ. ನನ್ನ ಹೇಣತಿ ಮುಟ್ಟಿದ್ರ ಅಷ್ಟ ಹಾಲ ಇಳಸತೈತಿ."

"ಹಂಗಾದ್ರ ಆಕಿನ್ನ ಕರಿ."

"ಆಕಿ ಎಲ್ಲದಾಳ್ರಿ? ಜಗಳಾ ಮಾಡಿ ಕುಡಚಿಗೆ ತವರಮನಿಗೆ ಹೋಗ್ಯಾಳ. ನಾ ಏನ ಕರ್ಯಾಕ ಹೋಗಾಂವಲ್ಲ."

ಅಂದರೆ ನಮ್ಮ ಪಗಾರದ ಒಂದು ತೊಲೆ ಸಿಟ್ಟು ಮಾಡಿಕೊಂಡು ತವರಿಗೆ ಹೋಗಿತ್ತು. ನಾನು ಅಲ್ಲಿಂದಲೇ ರೈಲು ಹತ್ತಿದೆ. ಕುಡಚಿ ಪೇಟೆಯಲ್ಲಿ ಒಂದು ಕುಬಸದ ಖಣ ಕೊಂಡು ಆಕೆಯ ತವರಿನ ಬಾಗಿಲಲ್ಲಿ ನಿಂತೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ನೇರವಾಗಿ ಕೇಳಿದಳು: "ನೀವು ನನ್ನ ಸಲುವಾಗಿ ಬಂದೀರೋ, ಎಮ್ಮಿ ಸಲುವಾಗಿ ಬಂದೀರೋ?"

ಸುಳ್ಳು ಹೇಳಿದರೆ ಆಕೆಗೆ ತಿಳಿಯುತ್ತಿತ್ತು. "ಎಮ್ಮಿ ಸಲುವಾಗೇ ಬಂದೇನಿ ತಂಗಿ. ಅದಕ್ಕ ನಿನ್ನ ಬಿಟ್ಟು ಇರಾಕ ಆಗವಲ್ದು. ಮೇವು ಮುಟ್ಟವಲ್ದು, ಹಾದಿ ನೋಡ್ಕೋತ ನಿಂತೈತಿ."

ಆಕೆಯ ಕಣ್ಣು ತುಂಬಿ ಬಂತು. "ನೋಡ್ರಿ, ಆ ಮೂಕಪ್ರಾಣಿಗಿರೋ ಮಾಯೆ ಮಮತಾ ಆ ಮನಷ್ಯಾಗ ಇಲ್ಲ."

ಆ ಸಂಜೆಯೇ ಕರೆದುಕೊಂಡು ಬಂದೆ. ಆಕೆ ಗಂಡನ ಮುಖ ನೋಡಲಿಲ್ಲ, ನೇರ ಕೊಟ್ಟಿಗೆಗೆ ಹೋಗಿ, "ನಾ ಇಲ್ಲಂತ ಮೇವು ಬಿಟ್ಟೀಯೇನ?" ಎಂದು ಎಮ್ಮೆಯ ಬೆನ್ನು ಸವರಿದಳು. ಎಮ್ಮೆ ಹಾಲಿಳಿಸಿತು, ಅದನ್ನು ನೋಡಿ ಗಂಡ ಸಿಟ್ಟಿಳಿಸಿದ. ಬಾಗಿಲಿಗೆ ಬಂದು ನನ್ನ ಕಿವಿಯಲ್ಲಿ ಅಂದ: "ಎವ್ವಾ, ಇನ್ನೊಮ್ಮೆ ಆಕಿ ಹೋದ್ರ ಕರ್ಯಾಕ ಹೋಗ್ತೀರಲ್ಲ, ಆವಾಗ ನಾನೂ ಮೇವು ಬಿಟ್ಟೇನಿ ಅಂತ ಹೇಳ್ರಿ."

೪. ದ್ರಾಕ್ಷಿಯ ಬಡ್ಡಿ

ನನ್ನ ಅಕ್ಕನನ್ನು ಅಥಣಿಗೆ ಕೊಟ್ಟಿತ್ತು. ಅವರದು ದ್ರಾಕ್ಷಿ ತೋಟ. ಹಣ್ಣು ಒಣಗಿಸಲು ಶೆಡ್ಡು ಹಾಕುತ್ತೇವೆ, ನೀನೂ ಸ್ವಲ್ಪ ಹಾಕು, ಬ್ಯಾಂಕಿಗಿಂತ ಒಂದು ಕೈ ಹೆಚ್ಚು ಬಡ್ಡಿ ಕೊಡುತ್ತೇನೆ ಅಂದಳು. ಹಾಕಿದೆ.

ಆ ವರ್ಷ ಒಣದ್ರಾಕ್ಷಿಯ ದರ ನೆಲ ಕಚ್ಚಿತು. ಅಕ್ಕ ಮಾತಿಗೆ ತಪ್ಪುವವಳಲ್ಲ. ಬಸ್ಸಿನ ಮೇಲೆ ಡಬ್ಬಿಗಳನ್ನು ಹೇರಿಸಿ, ಬಡ್ಡಿಯ ಬದಲು ಒಣದ್ರಾಕ್ಷಿಯನ್ನೇ ಕಳಿಸಿದಳು. ಸ್ವಂತ ಅಕ್ಕ, ಬೇಡ ಅನ್ನುವ ಹಾಗಿಲ್ಲ. ಮಾರಲು ಹೋದರೆ ಕೊಳ್ಳುವವರಿಲ್ಲ. ಆ ವರ್ಷವೆಲ್ಲ ಶಿರಾದಲ್ಲಿ ದ್ರಾಕ್ಷಿ, ಚಟ್ನಿಯಲ್ಲಿ ದ್ರಾಕ್ಷಿ. ಒಂದು ದಿನ ಬೀಗರು ಬಂದಾಗ ಉಪ್ಪಿಟ್ಟಿನಲ್ಲೂ ಹಿಡಿ ದ್ರಾಕ್ಷಿ ಕಂಡು, "ಇದೇನ್ರಿ, ಉಪ್ಪಿಟ್ಟಿನ್ಯಾಗ?" ಎಂದು ಕೇಳಿದರು.

ನಮ್ಮವರು ಶಾಂತವಾಗಿ ಹೇಳಿದರು: "ಬಡ್ಡಿ ರೀ. ಅಸಲು ಇನ್ನೂ ಅಥಣ್ಯಾಗ ಐತಿ."

೫. ತಡವಾದ ಪೇಪರು

ತೊಂಬತ್ತರ ದಶಕ ಶುರುವಾದಾಗ ಷೇರಿನ ಗಾಳಿ ಬೀಸಿತು. ಸಾವಕಾರರನ್ನು ಕಂಡು ಬರಲು ನಿಪ್ಪಾಣಿಗೆ ಹೋದಾಗ ಅಲ್ಲಿಯ ಕಟಿಂಗ್ ಅಂಗಡಿಯವನು ನಮ್ಮವರ ಅರ್ಧ ಗಡ್ಡ ಕೆರೆದು, ಷೇರಿನ ಭಾವ ಕೇಳಲು ಎದುರಿನ ಅಂಗಡಿಗೆ ಓಡಿದವನು ಬರಲೇ ಇಲ್ಲವಂತೆ. ಅರ್ಧ ಗಡ್ಡದಲ್ಲೇ ಮನೆಗೆ ಬಂದು, "ನಾವೂ ಷೇರ್ ತಗೊಳ್ಳೂಣು" ಅಂದರು.

"ತಗೊಳ್ರಿ. ಆದ್ರ ಹೋದ್ರ ಅಳದಷ್ಟ ತಗೊಳ್ರಿ."

"ಎಷ್ಟ ಹೋದ್ರ ನೀ ಅಳೂದಿಲ್ಲ?"

"ನನ್ನ ಮಾತಲ್ರಿ. ನಿಮ್ಮ ಮಾತು."

ನಾನುಡುವ ಒಂದು ಪತ್ತಲದ ಬೆಲೆಯಷ್ಟು ಷೇರು ಕೊಂಡರು. ಭಾವ ನೋಡಲು ಪೇಪರು ಬೇಕಲ್ಲ? ನಾವು ತರಿಸುತ್ತಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಓದಿ ಮುಗಿಸಿದ ಮೇಲೆ ಮರುದಿನ ನಮಗೆ ಬರುತ್ತಿತ್ತು. ಒಂದು ದಿನ ಪೇಪರನ್ನು ಮೂಗಿಗೆ ಹಚ್ಚಿಕೊಂಡು ಭಾವ ಬಹಳ ಏರಿದ್ದು ಓದಿ ನಮ್ಮವರು ಕುಣಿದಾಡಿದರು. ನಾನು ಹೋಳಿಗೆ ಮಾಡಿದೆ. ಎಲೆಯ ಮುಂದೆ ಕೂತಿದ್ದೇವೆ, ಮಾಸ್ತರರು ಸೋತ ಮುಖ ಮಾಡಿಕೊಂಡು ಒಳಗೆ ಬಂದರು. ಅವತ್ತಿನ ಪೇಪರಿನಲ್ಲಿ ಪೇಟೆ ಬಿದ್ದು ಹೋದದ್ದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅವರು ಹೋಳಿಗೆ ನೋಡಿದರು, ತುಪ್ಪ ನೋಡಿದರು, ನಮ್ಮವರ ನಗುಮುಖ ನೋಡಿದರು. ಬಂದ ಕಾಲಲ್ಲೇ ಓಣಿಗೆ ಹೊರಟುಹೋದರು.

ಸಂಜೆಯೊಳಗೆ ಓಣಿಯಲ್ಲೆಲ್ಲ ಸುದ್ದಿ: ದಿವಾಣಜಿ ಬೀಳುವ ಮೊದಲೇ ಎಲ್ಲ ಮಾರಿ ಕೈ ತೊಳೆದುಕೊಂಡಿದ್ದಾರೆ, ಎಂಥ ತಲೆ! ಮರುದಿನ ನಮ್ಮ ಕಟ್ಟೆಯ ಮೇಲೆ ಜನವೋ ಜನ. ಅಷ್ಟರಲ್ಲಿ ನಮ್ಮವರಿಗೂ ಹಳೆಯ ಪೇಪರು ಸಿಕ್ಕಿತ್ತು, ತಾವೂ ಮುಳುಗಿದ್ದು ತಿಳಿದಿತ್ತು. ಆದರೂ ಗುಟ್ಟೇನು ಎಂದು ಕೇಳಿದವರಿಗೆ ಕೈಕಟ್ಟಿಕೊಂಡು ಒಂದೇ ಮಾತು ಹೇಳಿದರು: "ಏನಿಲ್ರಿ. ಪೇಪರ್ ಸ್ವಲ್ಪ ತಡಾ ಮಾಡಿ ಓದಬೇಕು."

೬. ಕಾಗವಾಡದ ಕುರ್ಚಿಗಳು

ಇಷ್ಟೆಲ್ಲ ಬಿದ್ದು ಎದ್ದು ನಮ್ಮ ಮನೆ ಒಂದು ದಾರಿಗೆ ಬಂದಿತ್ತು. ಅಂಚೆ ಕಚೇರಿಯ ಬಡ್ಡಿ ಬರುತ್ತಿತ್ತು. ಎಮ್ಮೆ ಗಬ್ಬಾದ ತಿಂಗಳುಗಳಲ್ಲಿ ಅಕ್ಕನ ದುಡ್ಡು ಬರುತ್ತಿತ್ತು, ದ್ರಾಕ್ಷಿಗೆ ಆಲಿಕಲ್ಲು ಬಿದ್ದ ವರ್ಷ ಎಮ್ಮೆ ಕೈ ಹಿಡಿಯಿತು. ನಮ್ಮವರ ಕಣ್ಣಿನ ಆಪರೇಶನ್ನಿಗೆ ಬ್ಯಾಂಕಿನಲ್ಲಿದ್ದದ್ದು ಸಾಕಾಯಿತು. ಯಾರ ಮುಂದೂ ಕೈಯೊಡ್ಡಲಿಲ್ಲ.

ಆಗ ಕಾಗವಾಡದಿಂದ ನನ್ನ ಮೈದುನ ಬಂದ. "ವೈನೀ, ನಿಮ್ಮದೇನ ಹಳೇ ಕಾಲದ ಪದ್ಧತಿ! ನಮ್ಮಲ್ಲಿ ಹೊಸಾ ಫೈನಾನ್ಸ್ ಕಂಪನಿ ತಗದಾರ. ಅಂಚಿಕಚೇರಿ ಕೊಡೂದರ ಎರಡ ಪಟ್ಟ ಬಡ್ಡಿ. ಎಲ್ಲಾ ತಗದು ಇಲ್ಲಿ ಒಗೀರಿ" ಅಂದ.

ನಮ್ಮವರ ಕಣ್ಣು ಹೊಸದಾಗಿ ಆಪರೇಶನ್ ಆದದ್ದು, ಹೊಳೆಯತೊಡಗಿತು. ಮೂರು ದಿನ ನನ್ನ ಬೆನ್ನು ಬಿದ್ದರು. ತಮ್ಮನ ಮಾತು ಮೀರಿದರೆ ಮನೆತನದ ಮರ್ಯಾದೆ ಹೋಗುತ್ತದೆ ಅಂದರು. ಊಟ ಬಿಡುತ್ತೇನೆ ಅಂದರು. ನಾನು ಜಗ್ಗಲಿಲ್ಲ. "ಮದಲ ಆಫೀಸ್ ನೋಡೂಣು. ನನ್ನ ಕಣ್ಣಿಗೆ ಸರಿ ಕಂಡ್ರ ಬ್ಯಾಂಕಿನ್ಯಾಗ ಉಳದದ್ದಷ್ಟ ಇಡೂಣು. ಅಂಚಿಕಚೇರ್ಯಾಗಿಂದು ನಾ ಸತ್ರೂ ಮುಟ್ಟೂದಿಲ್ಲ" ಅಂದೆ.

ಬ್ಯಾಂಕಿನಿಂದ ತೆಗೆದ ದುಡ್ಡನ್ನು ಚೀಲದಲ್ಲಿಟ್ಟುಕೊಂಡು ಕಾಗವಾಡಕ್ಕೆ ಹೋದೆವು. ಆಫೀಸು ಭಾರಿ ಇತ್ತು. ಗಾಜಿನ ಬಾಗಿಲು, ಟೇಬಲ್ಲಿನ ಮೇಲೆ ತಿರುಗುವ ಫ್ಯಾನು, ಗೋಡೆಗುಂಟ ಸಾಲಾಗಿ ಕೆಂಪು ಕುರ್ಚಿಗಳು. ಟೇಬಲ್ಲಿನ ಹಿಂದೆ ಟೈ ಕಟ್ಟಿದ ಮ್ಯಾನೇಜರು. ನಮ್ಮನ್ನು ಕೂಡಿಸಿ, ಚಹಾ ತರಿಸಿ, ಮೈದುನನನ್ನು ಹೊಗಳಿದ. ನಮ್ಮವರು ಚೀಲ ತೊಡೆಯ ಮೇಲಿಟ್ಟುಕೊಂಡು ಅದರ ಗಂಟು ಬಿಚ್ಚತೊಡಗಿದರು. ನಾನು ಮೂಲೆಮೂಲೆಗೂ ಕಣ್ಣಾಡಿಸಿದೆ. ತಪ್ಪು ಹುಡುಕೋಣವೆಂದರೆ ಎಲ್ಲಿಯೂ ಒಂದು ಕಲೆ ಕಾಣಲಿಲ್ಲ.

ಅಷ್ಟರಲ್ಲಿ ಹೊರಗೆ ಟೆಂಪೊ ನಿಂತ ಸದ್ದಾಯಿತು. ಲುಂಗಿ ಎತ್ತಿ ಕಟ್ಟಿದ ಒಬ್ಬ ಮನುಷ್ಯ ಇಬ್ಬರು ಆಳುಗಳೊಂದಿಗೆ ಒಳಗೆ ಬಂದ. "ಉಠಾ, ಉಠಾ! ಏಳ್ರಿ ಎಲ್ಲಾರೂ! ಕುರ್ಚಿ ಬೇಕಾಗ್ಯಾವ, ಅಲ್ಲಿ ಲಗ್ನದ ಮಂದಿ ನಿಂತೈತಿ" ಅಂದ. ಪೆಂಡಾಲಿನ ಅಂಗಡಿಯವನು. ಆಳುಗಳು ಸಾಲಿನಲ್ಲಿದ್ದ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಹೊತ್ತೊಯ್ದರು. ಮೈದುನ ಎದ್ದ, ಅವನದೂ ಹೋಯಿತು. ನಾನೂ ನಮ್ಮವರೂ ಎದ್ದೆವು, ನಮ್ಮವೂ ಹೋದವು.

ಮ್ಯಾನೇಜರು ಪಿಸುದನಿಯಲ್ಲಿ, "ನಾಳೆ ಒಯ್ಯೋ ಮಾರಾಯಾ, ಗಿರಾಕಿ ಬಂದಾರ" ಅಂದ.

"ಬಾಡಿಗಿ ಎರಡ ತಿಂಗಳದು ಬಂದಿಲ್ಲ, ಯಾವ ನಾಳೆ?" ಎಂದು ಪೆಂಡಾಲಿನವನು ಮ್ಯಾನೇಜರನ ಕುರ್ಚಿಯ ಬೆನ್ನಿಗೇ ಕೈ ಹಾಕಿದ. ಮ್ಯಾನೇಜರು ಎದ್ದು ನಿಂತ. ಆ ಕುರ್ಚಿಯೂ ಹೋಯಿತು. ಕಡೆಗೆ ಫ್ಯಾನನ್ನೂ ಕಿತ್ತು ಬಗಲಲ್ಲಿ ಇಟ್ಟುಕೊಂಡು ಹೊರಟರು.

ಬರಿದಾದ ಆಫೀಸಿನಲ್ಲಿ ನಾವು ನಾಲ್ವರೂ ನಿಂತಿದ್ದೆವು. ಮೈದುನ ಗೋಡೆ ನೋಡುತ್ತಿದ್ದ. ಅವನೂ ಅಲ್ಲಿ ಸ್ವಲ್ಪ ಇಟ್ಟಿದ್ದನಂತೆ, ಅವತ್ತೇ ಜಗಳಾಡಿ ಹಿಂದಕ್ಕೆ ತಗೊಂಡ. ಆ ಕಂಪನಿ ಮುಂದೆ ಒಂದು ಮಳೆಗಾಲವನ್ನೂ ದಾಟಲಿಲ್ಲ. ಆದರೆ ಮ್ಯಾನೇಜರನ ಧೈರ್ಯವನ್ನು ಮೆಚ್ಚಬೇಕು. ಟೈ ಸರಿಮಾಡಿಕೊಂಡು, ಹಣೆಯ ಬೆವರು ಒರೆಸಿ, ನಮ್ಮವರಿಗೆ ಕೈ ಮುಗಿದು ಹೇಳಿದ: "ನೀವು ಏನೂ ಕಾಳಜಿ ಮಾಡಬ್ಯಾಡ್ರಿ ಯಜಮಾನ್ರ. ನಿಮ್ಮ ದುಡ್ಡು ನಮ್ಮಲ್ಲಿ ಗಟ್ಟಿಯಾಗಿ ಕುಂಡ್ರತೈತಿ."

ನಮ್ಮವರು ಚೀಲದ ಗಂಟನ್ನು ಬಿಗಿಯಾಗಿ ಕಟ್ಟಿ ಎದೆಗೆ ಅವಚಿಕೊಂಡು, ಆ ಖಾಲಿ ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿ ಕೇಳಿದರು:

"ಯಾವುದರ ಮ್ಯಾಲೆ?"