ಗುಳಿಗೆಗೆ ಒಪ್ಪತ್ತಿಲ್ಲ

ಶ್ರಾವಣದ ಆ ಸೋಮವಾರ ನಮ್ಮನೆಯವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ನನ್ನ ಜೊತೆ ಜಗಳಕ್ಕೆ ಕೂತರು. ದಿನದ ಕ್ರಮವೇ ಅದು. ನಾನು ಬಿಪಿ ಗುಳಿಗೆ ಮುಂದೆ ಹಿಡಿದೆ. ತಿಂಗಳಿಡೀ ಒಪ್ಪತ್ತು, ರಾತ್ರಿ ಊಟದವರೆಗೆ ಬಾಯಿಗೆ ಏನೂ ಹಾಕುವುದಿಲ್ಲ ಎಂದರು. (ಚಹಾ ಹಾಕುತ್ತಿದ್ದರು. ಅವರ ಶಾಸ್ತ್ರದಲ್ಲಿ ಚಹಾ ಎಂದರೆ ನೀರು.) ಬೈದೆ. ನಕ್ಕರು. ಅಂಗಡಿಗೆ ಹೋದರು.

ಮರುದಿನ ಬಚ್ಚಲಲ್ಲಿ ಬಿದ್ದರು. ಲಕ್ವ ಹೊಡೆದಿತ್ತು. ಕೊಟ್ಟೂರಿನಿಂದ ಹೊಸಪೇಟೆಗೆ ಒಯ್ಯುವಾಗ ಜೀಪಿನಲ್ಲೇ ಜೀವ ಹೋಯಿತು. ಆಮೇಲಿನ ದಿನಗಳನ್ನು ಹೇಳಲು ನನಗೆ ಬರುವುದಿಲ್ಲ.

ಮುಂದಿನ ಶ್ರಾವಣ ಬಂತು. ಗೋಡೆಯಾಚೆ ನನ್ನ ಮೈದುನ ಪಾಲಾಕ್ಷಪ್ಪನ ಮನೆ. ಅದೇ ರಕ್ತ, ಅದೇ ಬಿಪಿ, ಅದೇ ಒಪ್ಪತ್ತು. ಅವನೂ ಗುಳಿಗೆ ನಿಲ್ಲಿಸಿದ್ದಾನೆಂದು ಅವನ ಹೆಂಡತಿ ಅನ್ನದಾನಮ್ಮ ಅಳುತ್ತಾ ಬಂದಳು. ಈ ಮನೆತನದಲ್ಲಿ ಇನ್ನೊಂದು ಹೆಣ ಏಳಲು ಬಿಡಬಾರದೆಂದು ನಾನು ಸೆರಗು ಸಿಕ್ಕಿಸಿ ಹೋಗಿ ಅವನ ಬಾಗಿಲಲ್ಲಿ ಕೂತೆ.

"ಅತ್ತಿಗಿ, ಹೋಗ್ರಿ. ವ್ರತ ಕೆಡತೈತಿ."

"ನಿಮ್ಮಣ್ಣನ ವ್ರತ ಕೆಡಲಿಲ್ಲಪಾ. ಗಟ್ಟಿ ಉಳೀತು. ಅವ್ರು ಉಳೀಲಿಲ್ಲ."

ಅವನು ಗೋಡೆ ನೋಡಿದ. ಶ್ರಾವಣ ಮುಗಿದ ಮೇಲೆ ದಿನಕ್ಕೆರಡು ನುಂಗಿ ಲೆಕ್ಕ ಸರಿ ಮಾಡುತ್ತೇನೆ ಎಂದ. ಈ ಮಹಾಪಂಡಿತನನ್ನು ಬಸ್ಸು ಹತ್ತಿಸಿ ಕೂಡ್ಲಿಗಿ ಡಾಕ್ಟರ ಮುಂದೆ ಕೂಡಿಸಿದೆ. ಬಿಟ್ಟ ಗುಳಿಗೆಗೆ ಜೋಡಿ ನುಂಗಬಾರದು, ತಾನಾಗಿ ನಿಲ್ಲಿಸಲೇಬಾರದು, ಅವನಿಗೆ ಬರೆದದ್ದು ಖಾಲಿ ಹೊಟ್ಟೆಗೂ ನಡೆಯುತ್ತದೆ, ದಿನಾ ನೀರಿನಲ್ಲಿ ನುಂಗಲಿ ಎಂದರು ಡಾಕ್ಟರು. ಅವನು ತಲೆ ತಗ್ಗಿಸಿದ.

ಗೆದ್ದೆನೆಂದು ಎದ್ದೆ. ಡಾಕ್ಟರು ನನ್ನನ್ನೂ ಕೂಡಿಸಿ ರಟ್ಟೆಗೆ ಪಟ್ಟಿ ಸುತ್ತಿದರು. ನನ್ನ ಬಿಪಿ ಮೈದುನನದಕ್ಕಿಂತ ಹೆಚ್ಚು. ಇವನ ಮೇಲಿನ ಸಿಟ್ಟಿಗೆ ಏರಿದೆ, ಇಳಿಯುತ್ತದೆ ಎಂದೆ. ವಾರ ಬಿಟ್ಟು ಮತ್ತೆ ಕರೆಸಿ ನೋಡಿದರು. ಇಳಿದಿರಲಿಲ್ಲ. ನಮ್ಮನೆಯವರ ಗುಳಿಗೆ ಉಳಿದಿವೆ, ಅವನ್ನೇ ನುಂಗುತ್ತೇನೆ ಎಂದೆ.

"ಅವು ಅವ್ರಿಗೆ ಬರದದ್ದು, ಅಮ್ಮಾ. ಒಬ್ರ ಗುಳಿಗಿ ಇನ್ನೊಬ್ರಿಗಲ್ಲ."

ಬೇರೆ ಬರೆದುಕೊಟ್ಟರು. ತಂದು ಅಡುಗೆಮನೆ ಗೋಡೆಯ ಗೂಡಿನಲ್ಲಿಟ್ಟೆ. ತಲೆ ತಿರುಗುವುದಿಲ್ಲ, ನೋಯುವುದಿಲ್ಲ, ನಾಳೆ ನುಂಗಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. (ಊರಿಗೆಲ್ಲ ಬುದ್ಧಿ ಹೇಳುವ ಕೆಲಸವಿತ್ತು, ಪುರುಸೊತ್ತು ಎಲ್ಲಿ?) ಉಪ್ಪು ಕೇಳಲು ಬಂದ ಅನ್ನದಾನಮ್ಮ ಗೂಡಿಗೆ ಕೈ ಹಾಕಿದಳು. ಗುಳಿಗೆಗಳೆಲ್ಲ ತಂದ ಹಾಗೇ ಇದ್ದವು. ಹೋಗಿ ಗಂಡನನ್ನು ಕರೆತಂದಳು.

ಅವನು ಬಯ್ಯುತ್ತಾನೆಂದು ನಾನೂ ಸಜ್ಜಾಗಿ ನಿಂತೆ. ಬಯ್ಯಲಿಲ್ಲ.

"ಅತ್ತಿಗಿ, ನೀವೂ ಹೋದ್ರ ನನ್ನ ಬಾಗಿಲಾಗ ಕೂಡೋರು ಯಾರ್ರಿ?"

ಗೂಡಿನಿಂದ ಗುಳಿಗೆ ತೆಗೆದು ನೀರಿನ ತಂಬಿಗೆ ಎತ್ತಿದೆ.

ಈಗ ದಿನಾ ಬೆಳಗ್ಗೆ ಕಸ ಗುಡಿಸಿ, ಅಂಗಳಕ್ಕೆ ನೀರು ಹಾಕಿ, ನನ್ನ ಗುಳಿಗೆ ಹಿಡಿದು ಆ ಮನೆಗೆ ಹೋಗುತ್ತೇನೆ. ಮೈದುನನೂ ನಾನೂ ಕಟ್ಟೆಯ ಮೇಲೆ ಕೂತು ನುಂಗುತ್ತೇವೆ. ಆಮೇಲೆ ಇಬ್ಬರೂ ಬಾಯಿ ತೆರೆದು, ನಾಲಿಗೆ ಎತ್ತಿ, ಅನ್ನದಾನಮ್ಮನಿಗೆ ತೋರಿಸುತ್ತೇವೆ. ಅವಳು ಮೊದಲು ನೋಡುವುದು ನನ್ನ ಬಾಯಿಯನ್ನು.