ಏಳರ ಮೊದಲು ಇಡ್ಲಿ ಇಲ್ಲ

ಸರ್ಕಾರ ಒಂದು ನಿಯಮ ಮಾಡಿತೆಂದರೆ ಎಲ್ಲೋ ಒಬ್ಬ ವ್ಯಾಪಾರಿಗೆ ಹೊಟ್ಟೆನೋವು ಶುರುವಾಗುತ್ತದೆ. ವ್ಯಾಪಾರಿಗೆ ಹೊಟ್ಟೆನೋವು ಬಂತೆಂದರೆ ನನಗೆ ಫೋನ್ ಬರುತ್ತದೆ. ನನಗೆ ಫೋನ್ ಬಂತೆಂದರೆ ಏನಾದರೊಂದು ನಗೆಪಾಟಲು ಆಗದೆ ಮುಗಿಯುವುದಿಲ್ಲ.

ವ್ಯಾಪಾರಿಗಳ ಪರವಾಗಿ ಸರ್ಕಾರದೊಂದಿಗೆ ಮಾತಾಡುವುದು ನನ್ನ ಕಸುಬು. ಬ್ರಸೆಲ್ಸ್‌ನಲ್ಲಿ ಚೀಸ್ ಮಾಡುವವರಿಗಾಗಿ, ನೈರೋಬಿಯಲ್ಲಿ ಹೂ ಬೆಳೆಯುವವರಿಗಾಗಿ ಕಚೇರಿಗಳ ಮೊಗಸಾಲೆಯಲ್ಲಿ ಕಾದು ಕೂತು ಕೆಟ್ಟ ಕಾಫಿ ಕುಡಿದವಳು ನಾನು. ಧಾರವಾಡದಲ್ಲಿರುವ ನಮ್ಮವ್ವ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: “ನಮ್ಮ ಹುಡುಗಿ ಸರ್ಕಾರದವರ ಕೂಡ ಜಗಳಾಡಿ ಪಗಾರ ತಗೋತಾಳ.”

ಸದ್ಯ ನನ್ನ ವಾಸ ನಾಶಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಡುವಿನ ರಸ್ತೆಯ ಮೇಲೆ. ಎರಡೂ ಊರುಗಳ ಸಸ್ಯಾಹಾರಿ ಹೋಟೆಲುಗಳ ಸಂಘ ನನ್ನನ್ನು ನೇಮಿಸಿಕೊಂಡಿದೆ. ಮಾಲೀಕರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯಿಂದ ಬಂದವರು. ಕಾರಣ ಒಂದು ಹೊಸ ನಿಯಮ: ಹೋಟೆಲಿನವರು ಬೆಳಿಗ್ಗೆ ಏಳರ ಮೊದಲು ಗಿರಾಕಿಗಳಿಗೆ ಬಡಿಸುವಂತಿಲ್ಲ. ಊರಿನ ಬೆಳಗಿನ ನಿದ್ದೆ ಕೆಡಬಾರದಂತೆ. ಮೊದಲು ನಮ್ಮ ಎರಡು ಊರುಗಳಲ್ಲಿ ಪ್ರಯೋಗ, ಸರಿಹೋದರೆ ಇಡೀ ರಾಜ್ಯಕ್ಕೆ ಕಾಯಂ.

ಸಂಘದ ಅಧ್ಯಕ್ಷರ ಹೋಟೆಲ್ ಇರುವುದು ಸಂಭಾಜಿನಗರದ ಚಿಕಲಠಾಣಾದಲ್ಲಿ. ಕಾರ್ಖಾನೆಯ ಪಾಳಿಯವರು, ಕಟ್ಟಡದ ಕೆಲಸದವರು ಎಲ್ಲ ನಸುಕಿಗೇ ಬಂದು ತಿಂದು ಹೋಗುವ ಜಾಗ. ಏಳಾದ ಮೇಲೆ ಅಲ್ಲಿ ನೊಣವೂ ಬರುವುದಿಲ್ಲ. “ಈ ನಿಯಮ ಕಾಯಂ ಆದರೆ ನನ್ನ ಹೋಟೆಲ್ ಬಾಗಿಲು ಮುಚ್ಚಿತು ಮೇಡಂ. ಊರಿಗೆ ಹೋಗಿ ಎಂತ ಮಾಡುವುದು? ಸಮುದ್ರ ನೋಡುವುದಾ?” ಎಂದು ಅವರು ಕಣ್ಣು ಒರೆಸಿಕೊಂಡಿದ್ದರು.

ನಿಯಮದಿಂದ ಖುಷಿಯಾಗಿದ್ದವರು ಒಬ್ಬರೇ, ಅಧ್ಯಕ್ಷರ ಹೆಂಡತಿ. ಹೋಟೆಲಿನ ಮೇಲೆಯೇ ಅವರ ಮನೆ. ಮದುವೆಯಾದಂದಿನಿಂದ ಕೆಳಗಿನ ಪಾತ್ರೆಗಳ ಸದ್ದಿಗೇ ಎದ್ದವರು, ಈಗ ಮೊದಲ ಬಾರಿಗೆ ಬಿಸಿಲು ಬರುವ ತನಕ ಮಲಗುತ್ತಿದ್ದರು. “ನೀವು ನಿಧಾನವಾಗಿ ಹೋರಾಡಿ, ಅವಸರ ಏನಿಲ್ಲ” ಎಂದು ನನಗೆ ಗುಟ್ಟಾಗಿ ಹೇಳಿದ್ದರು.

ಬನ್ಸ್ ನಿಯೋಗ

ಮೊದಲ ಭೇಟಿ ನಾಶಿಕ್‌ನ ಹಿರಿಯ ಅಧಿಕಾರಿಯೊಬ್ಬರ ಕಚೇರಿಯಲ್ಲಿ. ಒಳಗೆ ಮೂವರಿಗೆ ಮಾತ್ರ ಅವಕಾಶ ಎಂದು ಬಾಗಿಲಲ್ಲೇ ಹೇಳಿದರು. ಮಾಲೀಕರೇ ಮಾತಾಡಿದರೆ ತೂಕ ಹೆಚ್ಚು ಎಂದು ಅಧ್ಯಕ್ಷರನ್ನೂ ಇನ್ನಿಬ್ಬರನ್ನೂ ಕಳಿಸಿ ನಾನು ಹೊರಗೆ ಕೂತೆ. ಹೇಳಬೇಕಾದ್ದನ್ನೆಲ್ಲ ಹಿಂದಿನ ದಿನ ಬಾಯಿಪಾಠ ಮಾಡಿಸಿದ್ದೆ. ಅವರ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಮಾತ್ರ ನಾನು ಗಮನಿಸಿರಲಿಲ್ಲ.

ಒಳಗಿನಿಂದ ನಗು ಕೇಳಿಸಿತು. ಮತ್ತೆ ನಗು. ಹೊರಗೆ ಬಂದಾಗ ಮೂವರ ಮುಖವೂ ಹುಣ್ಣಿಮೆ. ಅಧಿಕಾರಿ ಬಾಗಿಲ ತನಕ ಬಂದು ಬೀಳ್ಕೊಟ್ಟರು.

“ಏನಂದ್ರು?” ಎಂದೆ.

“ತುಂಬಾ ಒಳ್ಳೆಯವರು ಮೇಡಂ! ಬಾಳೆಹಣ್ಣಿನ ಬನ್ಸ್ ಅವರ ಜನ್ಮದಲ್ಲೇ ತಿಂದಿರಲಿಲ್ಲವಂತೆ. ಹಣ್ಣು ಎಷ್ಟು ಕಳಿತಿರಬೇಕು, ಹಿಟ್ಟು ಎಷ್ಟು ಹೊತ್ತು ನೆನೆಯಬೇಕು, ಎಲ್ಲ ಕೇಳಿ ತಿಳಿದುಕೊಂಡರು.”

“ನಿಯಮದ ವಿಷಯ?”

ಅಧ್ಯಕ್ಷರು ನೊಂದ ದನಿಯಲ್ಲಿ, “ಒಬ್ಬರು ತಿನ್ನುತ್ತಾ ಇರುವಾಗ ಅದನ್ನೆಲ್ಲ ಹೇಗೆ ತೆಗೆಯುವುದು ಮಾರಾಯ್ರೆ?” ಎಂದರು.

ಬಂದ್

ಸಿಹಿಯಿಂದ ಆಗದಿದ್ದರೆ ಖಾರದಿಂದ ಆಗಲಿ ಎಂದು ಒಂದು ದಿನದ ಬಂದ್‌ಗೆ ಕರೆ ಕೊಟ್ಟೆವು. ಆ ದಿನ ನಾಶಿಕ್‌ನಲ್ಲಿ ಆಟೋ ಹಿಡಿದು ಸುತ್ತಿದೆ. ಒಂದೊಂದು ಶಟರೂ ನೆಲ ಕಚ್ಚಿತ್ತು. ಪ್ಯಾರಿಸ್ಸಿನ ಮುಷ್ಕರ ನೋಡಿದವಳು ನಾನು, ಅಲ್ಲೂ ಇಂಥ ಶಿಸ್ತು ಇರಲಿಲ್ಲ. ಎದೆಯುಬ್ಬಿತು.

ಆದರೆ ಗಾಳಿಯಲ್ಲಿ ಇಂಗಿನ ಒಗ್ಗರಣೆಯ ಘಮ. ಮೂಗು ಎಳೆದತ್ತ ನಡೆದು ಒಂದು ಹೋಟೆಲಿನ ಹಿಂದಿನ ಓಣಿಗೆ ಬಂದೆ. ಹಿಂಬಾಗಿಲು ಹಾರುಹೊಡೆದಿದೆ, ಒಳಗೆ ಕೂರಲು ಜಾಗವಿಲ್ಲ. ಸಂಘದ ಉಪಾಧ್ಯಕ್ಷರು ಬೆವರೊರೆಸುತ್ತ ವಡೆ ಬಡಿಸುತ್ತಿದ್ದಾರೆ.

“ಏನ್ರೀ ಇದು? ಬಂದ್ ಅಲ್ಲೇನ್ರೀ ಇವತ್ತು?”

“ಬಂದೇ ಮೇಡಂ! ಮುಂದಿನ ಶಟರ್ ನೋಡಲಿಲ್ವಾ?”

“ಮತ್ತ ಈ ಗಿರಾಕಿಗಳು?”

“ಗಿರಾಕಿಗಳಾ? ಛೆ. ಇವರೆಲ್ಲ ಗೊತ್ತಿದ್ದವರು. ಗೊತ್ತಿದ್ದವರು ಹಸಿದು ಬಂದರೆ ಎಂತ ಮಾಡ್ತೀರಿ?”

ಇಡೀ ಓಣಿಯೇ ಅವರಿಗೆ ಗೊತ್ತಿತ್ತು. ಮೂಲೆಯ ಮೇಜಿನಲ್ಲಿ ಬಂದ್ ವರದಿ ಮಾಡಲು ಬಂದಿದ್ದ ಮರಾಠಿ ಪತ್ರಕರ್ತನೂ ಕೂತಿದ್ದ. ನಾಳೆಯ ಸುದ್ದಿ ನನ್ನ ಕಣ್ಣ ಮುಂದೆ ಬಂತು. ಅವನು ಬಟ್ಟಲು ಮುಂದೆ ಚಾಚಿ, “ಚಿಂತೆ ಮಾಡಬೇಡಿ ಮ್ಯಾಡಂ, ‘ಬಂದ್ ಸಂಪೂರ್ಣ ಯಶಸ್ವಿ’ ಅಂತಲೇ ಬರೀತೇನೆ. ಸ್ವಲ್ಪ ಸಾಂಬಾರ್ ಹಾಕಿಸಿ” ಎಂದ.

ಈರುಳ್ಳಿಯ ಬೆಂಬಲ

ನಮ್ಮ ಜೊತೆ ಬೇರೆ ವ್ಯಾಪಾರಿಗಳೂ ದನಿಗೂಡಿಸಬೇಕಿತ್ತು. ಅಧ್ಯಕ್ಷರನ್ನು ಕರೆದುಕೊಂಡು ಪಿಂಪಳಗಾಂವ್ ಬಸವಂತಕ್ಕೆ ಹೋದೆ. ಅಲ್ಲಿನ ಈರುಳ್ಳಿ ಮಾರುಕಟ್ಟೆಯ ವ್ಯಾಪಾರಿಗಳು ಗಟ್ಟಿಯಾಗಿ ಕೂಗಿದರೆ ಮುಂಬೈಗೂ ಕೇಳಿಸುತ್ತದೆ.

ಅವರ ಹಿರಿಯರು ಬಿಳಿ ಟೋಪಿ ಸರಿಪಡಿಸಿಕೊಂಡು ಪ್ರೀತಿಯಿಂದಲೇ ಕೂರಿಸಿದರು. “ಹೋಟೆಲಿನವರೆಂದರೆ ನಮ್ಮ ಬಂಧುಗಳೇ. ಶೇಟ್, ನಿಮ್ಮ ಹೋಟೆಲಿಗೆ ದಿನಕ್ಕೆ ಎಷ್ಟು ಈರುಳ್ಳಿ ಬೇಕು?”

ಅಧ್ಯಕ್ಷರು ಬೆನ್ನು ನೆಟ್ಟಗೆ ಮಾಡಿ, ಇಡೀ ಬದುಕಿನ ಹೆಮ್ಮೆಯನ್ನು ದನಿಗೆ ತಂದುಕೊಂಡು, “ನಮ್ಮ ಅಡುಗೆಮನೆಯಲ್ಲಿ ಈರುಳ್ಳಿಯ ಸುಳಿವೇ ಇಲ್ಲ! ಅಪ್ಪನ ಕಾಲದಿಂದ ಒಂದು ಎಸಳು ಒಳಗೆ ಬಂದಿಲ್ಲ!” ಎಂದರು.

ಹೊರಗೆ ಟ್ರ್ಯಾಕ್ಟರುಗಳ ಮೇಲೆ ಗುಡ್ಡಗುಡ್ಡ ಈರುಳ್ಳಿ. ಹಿರಿಯರು ಟೋಪಿಯನ್ನು ಮತ್ತೊಮ್ಮೆ ಸರಿಪಡಿಸಿಕೊಂಡರು.

ನಾನು ಅವಸರವಾಗಿ ನಡುವೆ ಬಾಯಿ ಹಾಕಿದೆ. “ಈ ಟ್ರ್ಯಾಕ್ಟರಿನವರು ನಸುಕಿಗೇ ಬಂದು ಸಾಲು ಹಿಡಿಯುತ್ತಾರಲ್ಲ, ಚಹಾ ಎಲ್ಲಿ ಕುಡಿಯುತ್ತಾರೆ? ನಾಳೆ ಈ ನಿಯಮ ನಿಮ್ಮ ಊರಿಗೂ ಬಂದರೆ?”

ಹಿರಿಯರ ಮುಖ ಬದಲಾಯಿತು. “ಚಹಾ ಇಲ್ಲದೆ ಹರಾಜೇ? ಬಡಿದಾಡ್ತಾರೆ!” ಎಂದು ಬೆಂಬಲ ಘೋಷಿಸಿದರು. ಹೊರಡುವಾಗ ಬೇಕೆಂದೇ ಒಂದು ಮೂಟೆ ಈರುಳ್ಳಿ ಉಡುಗೊರೆ ಕೊಟ್ಟರು. ಕೊಟ್ಟಿದ್ದನ್ನು ಬೇಡವೆನ್ನಬಾರದು, ಕೆಳಗಿಟ್ಟು ಅವಮಾನ ಮಾಡಬಾರದು. ಅಧ್ಯಕ್ಷರು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಅಳುವ ಕೂಸನ್ನು ಎತ್ತಿಕೊಂಡವರ ಹಾಗೆ ಮುಖ ತಿರುಗಿಸಿ ಕೂತಿದ್ದರು.

ಚಿಕಲಠಾಣಾದ ಬೆಳಗು

ಇಷ್ಟೆಲ್ಲ ಗದ್ದಲದ ಫಲವಾಗಿ ಕೊನೆಗೂ ಮುಂಬೈಯಿಂದ ದೊಡ್ಡ ಸಾಹೇಬರೊಬ್ಬರು ಬರುವುದಾಯಿತು. ನಸುಕಿಗೇ ಬಂದು ತಾವೇ ನೋಡಿ, ನಿಯಮ ಇರಬೇಕೋ ಬೇಡವೋ ಬರೆಯುವವರು ಅವರೇ. ಜಾಗ ಅಧ್ಯಕ್ಷರ ಹೋಟೆಲ್.

ನಾನು ಅಧ್ಯಕ್ಷರಿಗೆ ಕಟ್ಟುನಿಟ್ಟಾಗಿ ಹೇಳಿದೆ: “ಅವರು ರಾತ್ರಿ ರೈಲಿನಾಗ ಬರೋರು, ಹಸದಿರ್ತಾರ. ಏಳರ ತನಕ ಒಂದು ಹನಿ ಕಾಫೀನೂ ಕೊಡಬ್ಯಾಡ್ರಿ. ನಿಯಮ ಅಂದ್ರ ಏನು ಅಂತ ಅವರ ಹೊಟ್ಟಿಗೇ ತಿಳೀಲಿ.”

“ಹಸಿದವರಿಗೆ ಇಲ್ಲ ಎನ್ನುವುದಾ? ನನ್ನ ಅಪ್ಪ ಕನಸಿನಲ್ಲಿ ಬಂದು ಕೆನ್ನೆಗೆ ಹೊಡೀತಾರೆ.”

“ಹೋಟೆಲ್ ಉಳೀಬೇಕೋ ಬ್ಯಾಡೋ?”

ಅವರು ತಲೆಯಾಡಿಸಿದರು. ಆದರೆ ಕೈ ತಡೆಯದೆ ಇಡ್ಲಿ ಮಾತ್ರ ಬೇಯಿಸಿಟ್ಟಿದ್ದರು.

ಸಾಹೇಬರು ಬಂದಾಗ ಇನ್ನೂ ಕತ್ತಲು ಕತ್ತಲು. ಶಟರಿನ ಮುಂದೆ, ಇವತ್ತಾದರೂ ತಿನ್ನಲು ಸಿಕ್ಕೀತೆಂದು ಬಂದ ಕಟ್ಟಡದ ಕೆಲಸದವರ ಸಾಲು. ಶಟರಿನ ಸಂದಿಯಿಂದ ಇಡ್ಲಿಯ ಹಬೆ. ಸಾಹೇಬರು ಮೂಗರಳಿಸಿ, ಗಡಿಯಾರ ನೋಡಿ, ಗಂಟಲು ಸರಿಮಾಡಿಕೊಂಡು, “ಸ್ವಲ್ಪ ಚಹಾ ಏನಾದರೂ...” ಎಂದರು.

“ಏಳಾಗಲಿ ಸಾಹೇಬ್ರೇ. ನಿಯಮ” ಎಂದರು ಅಧ್ಯಕ್ಷರು. ಹೇಳುವಾಗ ಸಾಹೇಬರ ಮುಖ ನೋಡಲಿಲ್ಲ.

“ನನಗೊಬ್ಬನಿಗೆ? ನಾನೇ ಅನುಮತಿ ಕೊಡ್ತೇನೆ” ಎಂದು ಸಾಹೇಬರು ಮುಂದೆ ಸರಿದರು. ಸಾಲಿನ ತುದಿಯಲ್ಲಿ ಡಬ್ಬಿ ಹಿಡಿದು ನಿಂತಿದ್ದ, ನಮ್ಮ ಧಾರವಾಡದ ಕಡೆಯ ಹೆಂಗಸೊಬ್ಬಳು ಮರಾಠಿಯಲ್ಲೇ, “ಓ ಸಾಹೇಬ್, ಹಸಿವು ಎಲ್ಲರಿಗೂ ಐತಿ, ಸಾಲಿನಲ್ಲಿ ನಿಂತ್ಕೊಳ್ರಿ!” ಎಂದು ಗದರಿದಳು. ಆಮೇಲೆ ಅಧ್ಯಕ್ಷರಿಗೆ ಕನ್ನಡದಲ್ಲಿ, “ಯಣ್ಣಾ, ಏಳಕ್ಕ ನಾವು ಸ್ಲ್ಯಾಬಿನ ಮ್ಯಾಲ ಇರಬೇಕ್ರಿ. ಈ ನಿಯಮ ಮಾಡಿದಾಂವ ಒಮ್ಮೆರ ಬರೇ ಹೊಟ್ಟೀಲೆ ಬುಟ್ಟಿ ಹೊತ್ತಾನೇನು, ಕೇಳ್ರಿ ಆ ಸಾಹೇಬರನ್ನ” ಎಂದಳು.

ಸಾಹೇಬರು ಆ ಮಾತು ಏನೆಂದು ನನ್ನನ್ನು ಕೇಳಿದರು. ಒಂದಕ್ಷರ ಬಿಡದೆ ಹೇಳಿದೆ. ಅವರು ಹೋಗಿ ಅವಳ ಹಿಂದೆ ನಿಂತರು.

ಅಷ್ಟರಲ್ಲಿ ಅವರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. ಅಧ್ಯಕ್ಷರ ಕಟ್ಟೆ ಒಡೆಯಿತು. “ಹೋಟೆಲಿನಲ್ಲಿ ಬಡಿಸಬಾರದು ಅಂತ ತಾನೇ ನಿಯಮ? ಮೇಲೆ ನನ್ನ ಮನೆ ಉಂಟು, ಬನ್ನಿ ಸಾಹೇಬ್ರೇ!” ಎಂದುಬಿಟ್ಟರು. ಎಲ್ಲ ಮುಗಿಯಿತು ಎಂದು ನಾನು ಹಣೆ ಚಚ್ಚಿಕೊಳ್ಳುವ ಮೊದಲೇ ಅವರು ಇಡೀ ಸಾಲಿಗೆ ಕೈಬೀಸಿದರು. “ನೀವೂ ಬನ್ನಿ, ಎಲ್ಲರೂ ಬನ್ನಿ! ಎಲ್ಲ ಗೊತ್ತಿದ್ದವರೇ!”

ಮನೆಯ ಕಿರಿದಾದ ಮೆಟ್ಟಿಲನ್ನು ಇಡೀ ಸಾಲು ಹತ್ತಿತು. ಇಡ್ಲಿಯ ಪಾತ್ರೆಗಳು ತಲೆಯಿಂದ ತಲೆಗೆ ದಾಟಿ ಮೇಲೇರಿದವು. ಹಜಾರ ತುಂಬಿತು, ಅಡುಗೆಮನೆ ತುಂಬಿತು, ಸಾಹೇಬರಿಗೆ ಜಾಗ ಸಿಕ್ಕಿದ್ದು ಮೆಟ್ಟಿಲಿನ ಮೇಲೆ, ಅದೇ ಹೆಂಗಸಿನ ಪಕ್ಕದಲ್ಲಿ. “ಚಟ್ನಿ ಹಚ್ಕೊಂಡು ತಿನ್ರಿ, ಹಂಗ ಗಂಟಲಾಗ ಸಿಕ್ಕೊಳ್ತದ” ಎಂದು ಅವಳೇ ಅವರ ತಟ್ಟೆಗೆ ಹಾಕಿದಳು. ಮಲಗುವ ಕೋಣೆಯ ಬಾಗಿಲು ತೆರೆದು ಅಧ್ಯಕ್ಷರ ಹೆಂಡತಿ ಕಣ್ಣುಜ್ಜುತ್ತ ಬಂದು ನಿಂತರು. ಹಜಾರದ ಮಂಚದ ಮೇಲೆ ಕೂತು ಕಾಫಿ ಕುಡಿಯಲು ಹೊರಟಿದ್ದ ಗಾರೆ ಕೆಲಸದ ಗೌಂಡಿಯೊಬ್ಬ ಎದ್ದು ನಮಸ್ಕಾರ ಮಾಡಿದ.

ಸಾಹೇಬರು ಬಾಯಿ ತುಂಬ ಇಡ್ಲಿ ಇಟ್ಟುಕೊಂಡೇ ನನ್ನತ್ತ ತಿರುಗಿ, “ಬೆಳಗಿನ ನಿದ್ದೆ ಉಳಿಸಲು ಮಾಡಿದ ನಿಯಮ ಅಲ್ಲವೇ ಇದು?” ಎಂದರು. ಆಮೇಲೆ ಅಧ್ಯಕ್ಷರ ಹೆಂಡತಿಯ ನಿದ್ದೆಗಣ್ಣು ನೋಡಿ, “ತೆಗೆದುಬಿಡೋಣ” ಎಂದರು.

ತೆಗೆದರು ಕೂಡ. ಎರಡೂ ಊರುಗಳಲ್ಲಿ ಪಟಾಕಿ, ಬನ್ಸ್, ನನಗೊಂದು ಶಾಲು. ಅಧ್ಯಕ್ಷರು ಮಾರನೆಯ ದಿನದಿಂದಲೇ ಮೊದಲಿನಂತೆ ನಸುಕಿಗೇ ಶಟರ್ ಎತ್ತತೊಡಗಿದರು. ಎಷ್ಟೋ ದೇಶಗಳಲ್ಲಿ ಗೆದ್ದಿದ್ದೇನೆ, ಹಸಿದವರು ಎದುರಿಗೇ ಉಂಡೇಳುವಂಥ ಗೆಲುವು ಇದೊಂದೇ.

ಆ ವಾರವೇ ಅಧ್ಯಕ್ಷರ ಹೆಂಡತಿ ನನ್ನ ಕಚೇರಿಗೆ ಬಂದರು. ಬಾಗಿಲು ಹಾಕಿಕೊಂಡು ಎದುರು ಕೂತರು.

“ನೀವು ಸರ್ಕಾರದ ಹತ್ತಿರ ಮಾತಾಡಿ ಏನು ಬೇಕಾದರೂ ಮಾಡಿಸ್ತೀರಂತೆ. ನನಗೂ ಒಂದು ನಿಯಮ ಮಾಡಿಸಿಕೊಡಿ.”

“ಏನ್ ನಿಯಮಾರೀ?”

“ಮನೆಯವರಿಗೆ ಹೆಂಡತಿಯನ್ನು ಬಿಟ್ಟು ಬೇರೆ ಯಾರೂ ಗೊತ್ತಿರಬಾರದು. ಏಳರ ಮೊದಲಾದರೂ.”