ಹಲಸಿನ ಮಣೆ ಸೀಳಿದ್ದು ಯಾರು?

ನಂಜನಗೂಡಿನ ದೊಡ್ಡಪ್ಪನ ಮನೆಯಲ್ಲಿ ತರಕಾರಿ ಹೆಚ್ಚುವ ಮಣೆಯೊಂದು ಸೀಳಿತು. ಸೀಳಿದ್ದು ನಾನೋ ದೊಡ್ಡಪ್ಪನೋ ಎಂಬುದು ಬಹಳ ಕಾಲ ನನಗೇ ಖಾತ್ರಿಯಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಎಲ್ಲವನ್ನೂ ಅನುಮಾನಿಸುವುದನ್ನು ಕಲಿತೆ; ಕಲಿತದ್ದು ತಿರುಗಿ ನನ್ನ ನೆನಪಿನ ಮೇಲೇ ಬಿತ್ತು. ಆದರೆ ಒಂದನ್ನು ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ: ಹೆಂಡತಿಯ ಅಡುಗೆಗಿಂತ ಹೆಂಡತಿಯ ಮಣೆಯನ್ನು ಹೆಚ್ಚು ಪ್ರೀತಿಸಿದ ಗಂಡಸು ಪ್ರಪಂಚದಲ್ಲಿ ನಮ್ಮ ದೊಡ್ಡಪ್ಪ ಒಬ್ಬರೇ.

ಮಣೆ ಹಲಸಿನದು. ಹೆಡತಲೆ ಎಂಬ ಊರಲ್ಲಿ ದೊಡ್ಡಮ್ಮನ ತವರಿನ ಹಿತ್ತಲಲ್ಲಿ ಬಿದ್ದ ಮರದ ಹಲಗೆ. ತವರಿನದೆಂದು ಅವಳ ಹತ್ತಿರ ಇದ್ದದ್ದು ಅದೊಂದೇ. ಹೆಚ್ಚುವುದು ಅವಳು, ತೊಳೆಯುವುದು ದೊಡ್ಡಪ್ಪ. ಮೂರನೆಯವರು ಮುಟ್ಟುವಂತಿಲ್ಲ. ಕಲ್ಲುಪ್ಪು ಉದುರಿಸಿ, ಅರ್ಧ ಹೋಳು ನಿಂಬೆಹಣ್ಣಿನಲ್ಲಿ ಉಜ್ಜಿ, ಎರಡು ಚೊಂಬು ನೀರು ಸುರಿದು, ಕೂಡಲೇ ಒರೆಸಿ, ಕಿಟಕಿಯ ಪಕ್ಕ ಅಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮಲಗಿಸಿದರೆ ಅಡಿಯಲ್ಲಿ ತೇವ ಉಳಿಯುತ್ತದೆ, ಬಿಸಿಲಿಗಿಟ್ಟರೆ ಡೊಂಕಾಗುತ್ತದೆ. ಸೋಮವಾರ ಬೆಚ್ಚಗಿನ ಕೊಬ್ಬರಿ ಎಣ್ಣೆ. ದೊಡ್ಡಪ್ಪನಿಗೆ ಎಣ್ಣೆಸ್ನಾನ ದೀಪಾವಳಿಗೊಂದು ಸಲ, ಮಣೆಗೆ ವಾರವಾರ.

"ನನ್ನ ಮೊಣಕಾಲಿಗೆ ಒಂದಿನನಾದ್ರೂ ಇಷ್ಟು ಎಣ್ಣೆ ತಿಕ್ಕಿದ್ದೀರಾ?" ಎಂದು ದೊಡ್ಡಮ್ಮ ಕೇಳಿದ್ದಳು.

"ನೀನು ಸೀಳಲ್ವಲ್ಲ ಕಣೇ."

ಮಣೆಯ ಒಂದು ಮಗ್ಗುಲು ಈರುಳ್ಳಿಗೆ, ಇನ್ನೊಂದು ಹಣ್ಣಿಗೆ. ಬಂದ ನೆಂಟರೊಬ್ಬರು ಹಣ್ಣಿನ ಮಗ್ಗುಲಲ್ಲಿ ಈರುಳ್ಳಿ ಹೆಚ್ಚಿಬಿಟ್ಟರು. ದೊಡ್ಡಪ್ಪ ಮೂರು ದಿನ ಹೊತ್ತುಹೊತ್ತಿಗೆ ಮಣೆ ಮೂಸಿ ತಲೆಯಾಡಿಸಿದರು. ಪಕ್ಕದ ಮನೆಯವರು ಬಂದು "ಈಗ ಹೇಗಿದೆ?" ಎಂದು ವಿಚಾರಿಸಿಕೊಂಡು ಹೋದರು. ಈ ಕೊನೆಯದನ್ನು ನಾನೇ ಸೇರಿಸಿರಲೂಬಹುದು.

ನರಸೀಪುರದ ನಮ್ಮ ಮನೆಗೆ ಬರುವಾಗಲೂ ಮಣೆ ಜೊತೆಗೇ ಬರುತ್ತಿತ್ತು. ದೊಡ್ಡಮ್ಮನ ತಂಗಿ, ಅಂದರೆ ನಮ್ಮಮ್ಮನದು, ಪ್ಲಾಸ್ಟಿಕ್ ಮಣೆ. ಅದರ ಮೇಲೆ ಹೆಚ್ಚಿದ ಬದನೆಕಾಯಿ ದೊಡ್ಡಪ್ಪನಿಗೆ ಸೇರದು. ಒಮ್ಮೆ ಬಸ್ಸಿನಲ್ಲಿ ನಾನೂ ಇದ್ದೆ. ಟವಲು ಸುತ್ತಿದ ಗಂಟನ್ನು ನೋಡಿ ಕಂಡಕ್ಟರ್ ನಿಂತ.

"ದೇವ್ರ ಫೋಟೋನಾ ಸಾ? ಮೇಲಿಟ್ಬುಡಿ."

"ಹೆಚ್ಚೋ ಮಣೆ ಕಣಪ್ಪ."

"ಅಂಗಾದ್ರೆ ಕೆಳಗಿಡಿ."

"ಕೆಳಗೆ ಒದ್ದೆ ಇದೆ."

ಕಂಡಕ್ಟರ್ ಪಕ್ಕದವರ ಕಡೆ ತಿರುಗಿದ. "ಯಜಮಾನ್ರೇ, ವಸಿ ಜರುಗಿ. ಮಣೆಯೋರು ಕೂತ್ಕೋಬೇಕಂತೆ."

ನಾನು ಬಿ.ಎಸ್ಸಿ. ಓದಲು ದೊಡ್ಡಪ್ಪನ ಮನೆಯಲ್ಲೇ ಇದ್ದೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಒಂದು ಸಲ ಬ್ಯಾಕ್ಟೀರಿಯಾ ನೋಡಿ, ಲೋಕವನ್ನು ತಿದ್ದಲು ಹೊರಟಿದ್ದೆ.

"ದೊಡ್ಡಪ್ಪ, ಈ ಮಣೇಲಿ ಲಕ್ಷಾಂತರ ಕ್ರಿಮಿ ಇರ್ತವೆ. ಕುದಿಯೋ ಸೋಪುನೀರಲ್ಲಿ ನೆನೆಹಾಕ್ಬೇಕು."

"ನಿಮ್ಮ ಕಾಲೇಜಲ್ಲಿ ಯಾರಾದ್ರೂ ಹಲಸಿನಮರ ನೆನೆಹಾಕಿ ನೋಡಿದ್ದಾರೇನೋ?"

ಪರೀಕ್ಷೆ ಶುರುವಾಗುವ ಹಿಂದಿನ ದಿನ ಇರಬೇಕು, ದೊಡ್ಡಮ್ಮ ಹೆಡತಲೆಗೆ ಹೋಗಿದ್ದಳು. ಮಣೆ ಅರ್ಧ ದಿನ ಬಿಸಿ ಸೋಪುನೀರಿನ ಬಕೆಟ್ಟಿನಲ್ಲಿ ಮುಳುಗಿತ್ತು. ಒಣಗುವಾಗ ಗೇಣುದ್ದ ಸೀಳಿತು. ಮಾರನೆಯ ಬೆಳಿಗ್ಗೆ ವಾಪಸು ಬಂದ ದೊಡ್ಡಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಯಾರು ಮಾಡಿದ್ದು?"

ನಾನು ಬಾಯಿ ತೆರೆದೆನೇ? ಗೊತ್ತಿಲ್ಲ. ತೆರೆದಿದ್ದರೂ ದೊಡ್ಡಪ್ಪ ಮೊದಲಾಗಿದ್ದರು. "ನಾನೇ ಕಣೇ. ಇವ್ನು ಹೇಳ್ದ ಅಂತ ನಿನ್ನೆ ನೆನೆಹಾಕ್ದೆ, ಮರ್ತೋಯ್ತು."

ಅಲ್ಲಿಗೆ ಮಾತು ಬಂದ್. ಊಟಕ್ಕೆ ಕೂತರೆ ಇಬ್ಬರ ನಡುವೆ ನಾನೇ ಅಂಚೆಯವನು.

"ನಿಮ್ಮ ದೊಡ್ಡಪ್ಪಂಗೆ ಇನ್ನೊಂದು ಮುದ್ದೆ ಬೇಕಾ ಕೇಳು."

"ಅರ್ಧ ಸಾಕು ಅಂತೇಳು."

"ಅರ್ಧ ಮಾಡಿದ್ದು ಮಣೇನ, ಮುದ್ದೆ ಪೂರ್ತಿ ತಿನ್ನಕ್ಕೇಳು."

ನನ್ನ ಕೊನೆಯ ಪರೀಕ್ಷೆ ಮುಗಿದ ದಿನ ಅವರ ಮಾತು ಮತ್ತೆ ಶುರುವಾಯಿತು. ದೊಡ್ಡಪ್ಪ ಸೀಳಿಗೆ ಜೇನುಮೇಣ ಕರಗಿಸಿ ತುಂಬಿ, ಮಣೆಗೆ ಎರಡು ಪಟ್ಟು ಎಣ್ಣೆ ಕುಡಿಸಿದರು.

ಆಗ ನನಗೆ ನಿಜ ಗೊತ್ತಿದ್ದಿರಲೇಬೇಕು. ಆದರೆ ಆಮೇಲಿನ ಹತ್ತು ವರ್ಷ ನಾಲ್ಕು ಜನ ಸೇರಿದಲ್ಲೆಲ್ಲ ದೊಡ್ಡಪ್ಪ "ನಾನು ಮಣೆ ಸೀಳಿದ ಕಥೆ" ಹೇಳುತ್ತಲೇ ಬಂದರು. ಎಷ್ಟು ಸೊಗಸಾಗಿ ಹೇಳುತ್ತಿದ್ದರೆಂದರೆ, ಅವರು ನೀರು ಸುರಿದದ್ದು, ಕನ್ನಡಕದ ಮೇಲೆ ಹಬೆ ಕೂತದ್ದು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿತು. ಅದರ ಹಿಂದೆಲ್ಲೋ ಬಿಸಿನೀರು ತಾಗಿ ನನ್ನದೇ ಬೆರಳು ಚುರುಗುಟ್ಟಿದ ನೆನಪು. ಯಾವುದನ್ನು ನಂಬುವುದು?

"ನಿಜ ಹೇಳಿ ದೊಡ್ಡಪ್ಪ, ಅದು ನಾನೇ ಅಲ್ವಾ?"

"ಎಷ್ಟು ಸಲ ಹೇಳ್ಲೋ? ಬೇರೇವ್ರ ಹೆಸರು ನೀನ್ಯಾಕೆ ಹೊಡ್ಕೋತೀಯ?"

ಹೋದ ತಿಂಗಳು ಅಲ್ಲಿಗೆ ಹೋದಾಗ ದೊಡ್ಡಮ್ಮ ಅಡುಗೆಮನೆಯ ಮೇಲಿನ ಗೂಡಿನಿಂದ ಡಬ್ಬ ಇಳಿಸಲು ಹೇಳಿದಳು. ಡಬ್ಬದ ಕೆಳಗೆ ಹಾಸಿದ್ದು ಹಳೆಯ ಕ್ಯಾಲೆಂಡರಿನ ಹಾಳೆ. ಮಣೆ ಸೀಳಿದ ಆ ವರ್ಷದ್ದೇ, ಆ ತಿಂಗಳದ್ದೇ. ದೊಡ್ಡಮ್ಮನಿಗೆ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವ ಅಭ್ಯಾಸ. ಒಂದು ಮಂಗಳವಾರದ ಚೌಕದಲ್ಲಿ ಇರುವೆಯಂಥ ಅಕ್ಷರ: "ನಾನು ಹೆಡತಲೆ. ಇವರು ಫಸ್ಟ್ ಬಸ್ಸಿಗೆ ನರಸೀಪುರ, ತಂಗಿ ಮನೆ ಮೋಲ್ಡು. ಮಗು ಒಬ್ಬನೇ. ಸಾರು ಮಾಡಿಟ್ಟಿದೆ." ಬುಧವಾರದ ಚೌಕದಲ್ಲಿ: "ಮಣೆ ಸೀಳಿಹೋಗಿದೆ. ಮಗು ಪರೀಕ್ಷೆ ಮುಗಿಯಲಿ."

ಡಬ್ಬ ಹಿಡಿದು ಸ್ಟೂಲಿನ ಮೇಲೆ ನಿಂತೇ ಇದ್ದೆ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಅಷ್ಟೂ ದಿನ ಗಂಡನ ಮೇಲೆ ಮುನಿದಿದ್ದಳು. ಕೆಳಗೆ ದೊಡ್ಡಪ್ಪ ನಿಂಬೆಹಣ್ಣು ಕೊಯ್ದು ಉಪ್ಪು ಹುಡುಕುತ್ತಿದ್ದರು. ಹಾಳೆಯನ್ನು ಇದ್ದಂತೆಯೇ ಹಾಸಿ ಡಬ್ಬ ಕೆಳಗಿಳಿಸಿದೆ.

ಆದರೂ ನಾನು ಅನುಮಾನದ ಪ್ರಾಣಿ. ನರಸೀಪುರಕ್ಕೆ ಬಂದವನೇ ನಮ್ಮ ಮನೆಯ ತಾರಸಿ ಹತ್ತಿದೆ. ನೀರಿನ ಟ್ಯಾಂಕಿನ ಪಕ್ಕ, ಕಾಂಕ್ರೀಟು ಸುರಿದು ಮೋಲ್ಡ್ ಹಾಕಿದ ಸಂಜೆ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಗೀಚಿದ ಬರಹ ಇನ್ನೂ ಇದೆ. ಅಕ್ಷರ ದೊಡ್ಡಪ್ಪನದು. ತಾರೀಖು ಆ ಮಂಗಳವಾರದ್ದೇ.